ಉಪವಾಸದ ಪಟ್ಟಿ

ನಮ್ಮ ಹೊಲ ಜಗಳೂರು ಕಡೆಯ ಸೊಕ್ಕೆಯಿಂದ ಮೇಲಕ್ಕೆ ಹೋಗುವ ಬಂಡಿದಾರಿಯ ಎಡಕ್ಕಿದೆ. ಕೆಂಪು ಮಣ್ಣು, ಅಲ್ಲಲ್ಲಿ ಬೆಣಚುಕಲ್ಲು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ರಾಗಿ ಬಿತ್ತುತ್ತೇವೆ, ಸಾಲಿನ ನಡುವೆ ತೊಗರಿ, ಅವರೆ. ಮನೆಯಲ್ಲಿ ಅವ್ವ ಮತ್ತು ನಾನು. ಅಪ್ಪ ನಾನು ಸ್ಕೂಲಿಗೆ ಹೋಗುತ್ತಿದ್ದಾಗಲೇ ತೀರಿಕೊಂಡ, ಆಮೇಲೆ ನಾನು ಸ್ಕೂಲಿಗೆ ಹೋಗಲಿಲ್ಲ. ಒಂದು ಸುಗ್ಗಿಯಲ್ಲಿ ಬಂದ ರಾಗಿ ಮುಂದಿನ ಸುಗ್ಗಿಯವರೆಗೆ ನಮ್ಮ ಹೊಟ್ಟೆಗೆ ಆಗಬೇಕು. ಅದರ ಹುಲ್ಲು ಎತ್ತುಗಳಿಗೆ ಆಗಬೇಕು. ಕಾಳು ಕೊಂಡು ತಿನ್ನುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ, ಈಗಲೂ ಇಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಒಬ್ಬ ಸಾಹೇಬರು ಮೋಟಾರ್ ಸೈಕಲ್ ಮೇಲೆ ನಮ್ಮ ಹೊಲಗಳ ಕಡೆ ಓಡಾಡತೊಡಗಿದರು. ಕತ್ತಲಗೆರೆ ಕಡೆಯ ಪ್ರಯೋಗದ ಹೊಲದಲ್ಲಿ ಅವರ ಕೆಲಸ. ಮೈಸೂರು ಕಡೆಯ ಮಾತು. ಎಲ್ಲೇ ನಿಂತರೂ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮೂಸುತ್ತಿದ್ದರು. ಊರಿನವರು ಅವರಿಗೆ ಮಣ್ಣು ಸಾಹೇಬರು ಎಂದು ಹೆಸರಿಟ್ಟರು. ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಒಣಭೂಮಿಯಲ್ಲಿ ಹೊಸ ರಾಗಿ ತಳಿಗೆ ಏನು ಹಾಕಿದರೆ ಎಷ್ಟು ಬರುತ್ತದೆ, ಮಣ್ಣು ಕೆಡದೆ ವರ್ಷ ವರ್ಷವೂ ಅಷ್ಟೇ ಬರುತ್ತದೋ ಇಲ್ಲವೋ, ಇದನ್ನು ರೈತನ ಹೊಲದಲ್ಲೇ ನೋಡಬೇಕು. ಅವರ ಹೊಲದಲ್ಲಿ ನೀರಿದೆ, ಆಳಿದ್ದಾರೆ, ಅಲ್ಲಿ ಬಂದಿದ್ದು ಇಲ್ಲಿ ಬರುವುದಿಲ್ಲ. ಇದನ್ನು ಅವರೇ ಹೇಳಿದರು. ಅದಕ್ಕೇ ನನಗೆ ಅವರು ಹಿಡಿಸಿದರು.

ನಾನು ಒಪ್ಪಿಕೊಂಡಿದ್ದಕ್ಕೆ ಬೇರೆ ಕಾರಣವೂ ಇತ್ತು. ನನಗೂ ಅವ್ವನಿಗೂ ಗೊಬ್ಬರದ ಜಗಳ. ನನಗೆ ಚೀಲದ ಗೊಬ್ಬರ ಬೇಕು. ಚೀಲ ತಂದೆ, ಎರಚಿದೆ, ಮುಗಿಯಿತು. ಅವ್ವನಿಗೆ ತಿಪ್ಪೆ ಗೊಬ್ಬರ ಬೇಕು, ಅದರ ಮೇಲೆ ಕೆರೆಗೋಡು ಬೇಕು. ಬೇಸಿಗೆಯಲ್ಲಿ ಒಣಗಿದ ಕೆರೆಯ ಅಂಗಳದಿಂದ ಗೋಡುಮಣ್ಣು ಅಗೆದು ಬಂಡಿಗೆ ತುಂಬುವವನು ನಾನು. ಬೆನ್ನು ನೋಯುವುದು ನನ್ನದು. ಪ್ರಯೋಗ ಮಾಡಿಸಿದರೆ ಜಗಳಕ್ಕೆ ಒಂದು ತೀರ್ಪು ಸಿಗುತ್ತದೆ, ಮುಂದಿನ ವರ್ಷ ಹೊಲಕ್ಕೆಲ್ಲ ಏನು ಹಾಕಬೇಕೆಂದು ಗೊತ್ತಾಗುತ್ತದೆ ಎಂದು ಲೆಕ್ಕ ಹಾಕಿದೆ.

ಯುಗಾದಿ ಆದಮೇಲೆ ಸಾಹೇಬರು ಬಂದು ಹೊಲದ ಒಂದು ಕಡೆ ನಾಲ್ಕು ಪಟ್ಟಿ ಗುರುತು ಮಾಡಿದರು. ಹಗ್ಗ ಹಿಡಿದು ಅಳೆದರು, ಮೂಲೆಗೆ ಸುಣ್ಣ ಬಳಿದ ಕಲ್ಲು ಇಟ್ಟರು. ಮೊದಲನೇ ಪಟ್ಟಿಗೆ ಚೀಲದ ಗೊಬ್ಬರ. ಎರಡನೇದಕ್ಕೆ ತಿಪ್ಪೆ ಗೊಬ್ಬರ ಮತ್ತು ಕೆರೆಗೋಡು. ಮೂರನೇದಕ್ಕೆ ಅದು ಅರ್ಧ, ಇದು ಅರ್ಧ. ನಾಲ್ಕನೇದಕ್ಕೆ ಏನೂ ಇಲ್ಲ. ಬೀಜ ನಾಲ್ಕಕ್ಕೂ ಒಂದೇ.

"ನಾಲ್ಕನೇದಕ್ಕೆ ಒಂದು ಹಿಡಿ ಬೂದಿನೂ ಬೀಳಬಾರದು," ಎಂದರು ಸಾಹೇಬರು. "ಅದು ಬರೀ ಹೊಟ್ಟೇಲಿ ಎಷ್ಟು ಕೊಡುತ್ತೆ ಅಂತ ಗೊತ್ತಾದ್ರೆ ತಾನೆ, ಉಳಿದ ಮೂರರಲ್ಲಿ ಗೊಬ್ಬರ ಎಷ್ಟು ಕೆಲಸ ಮಾಡ್ತು ಅನ್ನೋದು ತಿಳಿಯೋದು?"

ನನಗೆ ಅರ್ಥವಾಯಿತು. ಮನೆಗೆ ಬಂದು ಅವ್ವನಿಗೆ ನಾಲ್ಕನೇ ಪಟ್ಟಿಗೆ ಏನೂ ಹಾಕಬಾರದಂತೆ ಎಂದಷ್ಟೇ ಹೇಳಿದೆ.

"ಯಾಕೆ?" ಎಂದಳು.

"ಸಾಹೇಬ್ರು ಹೇಳ್ಯಾರೆ."

"ಅವ್ರು ಹೇಳಿದ್ದು ಆತು. ಯಾಕೆ ಅಂತ ಕೇಳ್ದೆ."

"ನಿಂಗದೆಲ್ಲ ತಿಳಿಯಾಕಿಲ್ಲ ಬಿಡವ್ವ."

ಅವ್ವ ಮೊರದಲ್ಲಿ ಹಸನು ಮಾಡುತ್ತಿದ್ದ ರಾಗಿ ಕೆಳಗಿಟ್ಟಳು. "ಪಂಗ್ತ್ಯಾಗೆ ನಾಲ್ಕು ಜನನ್ನ ಕುಂಡ್ರಿಸಿ, ಮೂರು ಜನಕ್ಕೆ ಬಡ್ಸಿ, ಒಬ್ಬನ ಎಲಿ ಖಾಲಿ ಬಿಡ್ತಾರೇನಲೇ? ಯಾವ ಮನ್ಯಾಗೆ ಐತೆ ಇದು?"

"ಅದು ಎಲಿ ಅಲ್ಲವ್ವ, ಹೊಲ."

"ಹೊಲಕ್ಕೇನು ಹೊಟ್ಟಿ ಇಲ್ವಾ?"

ನಮ್ಮ ಪಕ್ಕದ ಹೊಲದವನು ಮುಸಲ್ಮಾನ. ಎತ್ತುಗಳಿಗೆ ಲಾಳ ಕಟ್ಟುವುದು ಅವನ ಕಸುಬು, ಉಳಿದ ಹೊತ್ತಿಗೆ ಬೇಸಾಯ. ಅವ್ವನಿಗೆ ಅಕ್ಕ ಎನ್ನುತ್ತಿದ್ದ, ಹಾಗಾಗಿ ನನಗೆ ಮಾವ. ಅವನು ಅವತ್ತು ನಮ್ಮ ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಏನಪ ಅಳಿಯ, ಹೊಲಕ್ಕೆ ರೋಜಾ ಹಿಡಿಸ್ದಂಗೆ ಆತಲ್ಲ," ಎಂದ. "ನಾವೂ ಹಿಡೀತೀವಿ. ಆದ್ರೆ ಸಂಜಿಗೆ ಬಿಡ್ತೀವಪ್ಪ. ನಿಂದು ಯಾವಾಗ ಬಿಡಾದು? ಸುಗ್ಗೀಗಾ?"

ಅವ್ವ ನಕ್ಕಳು. ನಾನು ನಗಲಿಲ್ಲ. ಎದ್ದು ಎತ್ತಿಗೆ ನೀರು ಕುಡಿಸಲು ಹೋದೆ.

ಆಮೇಲೆ ಬೀಜ ತರಲು ನಾನು ಕತ್ತಲಗೆರೆಗೆ ಹೋಗಬೇಕಾಯಿತು. ಜಗಳೂರಿಗೆ ನಡೆದು, ಅಲ್ಲಿಂದ ದಾವಣಗೆರೆ ಬಸ್ಸು, ಅಲ್ಲಿಂದ ಚನ್ನಗಿರಿ ಬಸ್ಸು. ಸಾಹೇಬರು ತಮ್ಮ ಹೊಲವನ್ನೆಲ್ಲ ಸುತ್ತಾಡಿಸಿ ತೋರಿಸಿದರು. ಎಲ್ಲಾ ಪಟ್ಟಿ ಪಟ್ಟಿ. ಒಂದೊಂದಕ್ಕೂ ಒಂದು ಗೂಟ, ಗೂಟದ ಮೇಲೆ ನಂಬರು. ಅಷ್ಟು ದೂರ ಹೋದಮೇಲೆ ಸವಳಂಗದಲ್ಲಿರುವ ಅಕ್ಕನ ಮನೆಗೂ ಹೋದೆ. ಅವಳ ಮಗುವಿಗೆ ತೊಟ್ಟಿಲು ಹಾಕುವ ಕಾರ್ಯ ಇತ್ತು. ಹೋಗುವಾಗ ನ್ಯಾಮತಿಯಲ್ಲಿ ಬಸ್ಸು ಬದಲಿಸಬೇಕಿತ್ತು. ವಾಪಸ್ಸು ಬರುವಾಗ ಹೊನ್ನಾಳಿ ಮೇಲೆ ಬಂದೆ. ಆ ಕಡೆ ನಾಲೆಯ ನೀರು, ಬೇಸಿಗೆ ಭತ್ತ ಹೊಂಬಣ್ಣಕ್ಕೆ ತಿರುಗಿತ್ತು. ಗದ್ದೆಯ ಬದುವಿನ ಮೇಲೆ ಖಾಲಿ ಗೊಬ್ಬರದ ಚೀಲ ಒಗೆದು ಒಣಹಾಕಿದ್ದರು. ಅದನ್ನು ನೋಡಿ ನನ್ನ ವಾದ ಇನ್ನೂ ಗಟ್ಟಿಯಾಯಿತು.

ನಾನು ಊರಲ್ಲಿ ಇಲ್ಲದಾಗ ಅವ್ವ ಏನು ಮಾಡಿದಳು ಎನ್ನುವುದು ನನಗೆ ಗೊತ್ತಾದದ್ದು ಮುಂದಿನ ವರ್ಷ. ಆದರೆ ಅದನ್ನು ಮುಚ್ಚಿಟ್ಟುಕೊಂಡು ಕತೆ ಹೇಳುವುದು ನನಗೆ ಬರುವುದಿಲ್ಲ. ಇಲ್ಲೇ ಹೇಳುತ್ತೇನೆ.

ಬೇಸಿಗೆಯಲ್ಲಿ ನಮ್ಮ ಕಡೆ ಕುರುಬರು ಕುರಿ ಹೊಡೆದುಕೊಂಡು ಬರುತ್ತಾರೆ. ಬೇಕಾದವರ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಾರೆ. ಕುರಿಯ ಹಿಕ್ಕೆ, ಉಚ್ಚೆ ಎಲ್ಲ ಹೊಲಕ್ಕೆ. ಹೊಲದವರು ಅದಕ್ಕೆ ರಾಗಿ ಕೊಡುತ್ತಾರೆ, ಊಟ ಕೊಡುತ್ತಾರೆ. ಹೀಗೆ ಬಂದ ಒಂದು ಹಿಂಡನ್ನು ಅವ್ವ ಕರೆದಳು. ಉಳಿದ ಹೊಲವೆಲ್ಲ ಬಿಟ್ಟು ಆ ನಾಲ್ಕನೇ ಪಟ್ಟಿಯಲ್ಲೇ, ಸುಣ್ಣದ ಕಲ್ಲುಗಳ ಒಳಗೆ, ಮಂದೆ ನಿಲ್ಲಿಸಿದಳು. ಒಂದು ರಾತ್ರಿ ಅಲ್ಲ, ನಾನು ಬರುವುದಕ್ಕೆ ಎರಡು ದಿನ ಇದೆ ಎನ್ನುವವರೆಗೂ. ಮೂರಕ್ಕೂ ಒಂದೊಂದು ಸಿಗುತ್ತದೆ, ಇದಕ್ಕೂ ಇರಲಿ ಎಂದು. ಮಂದೆ ಎದ್ದಮೇಲೆ ಒಂದು ಅಡ್ಡಮಳೆ ಬಿತ್ತು. ಮಣ್ಣು ಹದವಾಗಿದೆ ಎಂದು ಮಾವನ ಎತ್ತು ಕಟ್ಟಿಸಿ ಕುಂಟೆಯನ್ನೂ ಹೊಡೆಸಿದಳು. ಹಿಕ್ಕೆ ಮಣ್ಣಲ್ಲಿ ಮುಚ್ಚಿಹೋಯಿತು. ನಾನು ಬೀಜದ ಗಂಟು ಹೊತ್ತು ಬಂದಾಗ ಹೊಲ ಹಸನಾಗಿತ್ತು. ಯಾರು ಕುಂಟೆ ಹೊಡೆದರು ಎಂದು ಕೇಳಿದೆ. ಮಾವ ಹೊಡೆದ ಎಂದಳು. ಒಳ್ಳೆಯದಾಯಿತು ಎಂದೆ. ಅಷ್ಟೇ ಮಾತು.

ಅವಳು ಹೇಳದಿದ್ದದ್ದು ಕಳ್ಳತನಕ್ಕೆ ಅಲ್ಲ. ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಯಾರಿಗಾದರೂ ಉಣ್ಣಲು ಇಕ್ಕಿದರೆ ಅದನ್ನು ಬಾಯಿಬಿಟ್ಟು ಆಡಬಾರದು. ಆಡಿದರೆ ಇಕ್ಕಿದ್ದು ಇಕ್ಕಿದ ಹಾಗೆ ಅಲ್ಲ. ಮನೆಗೆ ಬಂದ ಜಂಗಮರಿಗಾಗಲಿ, ಭಿಕ್ಷೆಯವರಿಗಾಗಲಿ, ಅವ್ವ ಏನು ಕೊಟ್ಟಳು ಎಂದು ನಾನು ಯಾವತ್ತೂ ಕೇಳಿದವನಲ್ಲ, ಅವಳು ಹೇಳಿದವಳಲ್ಲ. ಹೊಲಕ್ಕೂ ಅದೇ ಲೆಕ್ಕ ಹಾಕಿದಳು.

ಮಳೆ ಹಿಡಿದ ಮೇಲೆ ಕೂರಿಗೆಯಲ್ಲಿ ಬಿತ್ತಿದೆವು. ರಾಗಿ ಎದ್ದಿತು. ಗೇಣುದ್ದ ಆಗುವ ಹೊತ್ತಿಗೆ ನಾಲ್ಕನೇ ಪಟ್ಟಿ ಕಪ್ಪಗೆ ಕಾಣತೊಡಗಿತು. ಕಪ್ಪು ಎಂದರೆ ಹಸಿರು ಗಟ್ಟಿಯಾಗಿ ಕಪ್ಪಾಗುತ್ತದಲ್ಲ, ಹಾಗೆ. ಸಾಹೇಬರು ಬಂದವರು ಬದುವಿನ ಮೇಲೆ ನಿಂತೇ ಇದ್ದರು. ಇಳಿದು ಮಣ್ಣು ಮೂಸಿದರು. ಎರಡು ಸಲ ಮೂಸಿದರು.

"ಇಲ್ಲಿ ಹಿಂದೆ ಏನಾದ್ರೂ ಇತ್ತಾ? ದನದ ಹಟ್ಟಿ, ಕಣ, ಹಳೇ ತಿಪ್ಪೆ?"

"ಏನೂ ಇರ್ಲಿಲ್ರಿ," ಎಂದೆ. ನನಗೆ ಗೊತ್ತಿದ್ದದ್ದೇ ಅಷ್ಟು.

ಅವ್ವ ಎರಡನೇ ಪಟ್ಟಿಯಲ್ಲಿ ಕಳೆ ತೆಗೆಯುತ್ತಿದ್ದಳು, ತಲೆ ಎತ್ತಲಿಲ್ಲ. ಮಾವ ತನ್ನ ಹೊಲದಲ್ಲಿ ನಿಂತು ಮುಗಿಲು ನೋಡುತ್ತಿದ್ದ. ಮುಗಿಲಲ್ಲಿ ಏನೂ ಇರಲಿಲ್ಲ.

ಸುಗ್ಗಿಯಲ್ಲಿ ಪಟ್ಟಿ ಪಟ್ಟಿಯಾಗಿ ಕೊಯ್ದು, ಬೇರೆ ಬೇರೆ ಬಡಿದು, ಸಾಹೇಬರ ತಕ್ಕಡಿಯಲ್ಲಿ ತೂಗಿದೆವು. ಏನೂ ಹಾಕದ ಪಟ್ಟಿ ಉಳಿದ ಮೂರನ್ನೂ ಮೀರಿಸಿತ್ತು. ಸಾಹೇಬರು ತಕ್ಕಡಿಯ ಕೊಕ್ಕೆ ನೋಡಿದರು, ಬಟ್ಟಲು ನೋಡಿದರು, ಇನ್ನೊಮ್ಮೆ ತೂಗಿದರು. ಅಷ್ಟೇ ಬಂತು.

"ಇದು ನನಗೆ ತಿಳೀತಿಲ್ಲ," ಎಂದರು. "ಒಂದು ವರ್ಷದ್ದನ್ನ ನಂಬಬೇಡಿ. ಮುಂದಿನ ವರ್ಷವೂ ಇದೇ ಪಟ್ಟಿ ಹಾಕೋಣ."

ನನಗೆ ಎಲ್ಲ ತಿಳಿದುಬಿಟ್ಟಿತ್ತು. ಬೀಜ ಗಟ್ಟಿ ಇದೆ, ಗೊಬ್ಬರ ಬೇಡ. ಚೀಲದ್ದೂ ಬೇಡ, ತಿಪ್ಪೆಯದ್ದೂ ಬೇಡ. ಹಾಕಿದರೆ ಅದಕ್ಕೇ ಅಡ್ಡಿ. ಮುಂದಿನ ವರ್ಷ ಹೊಲಕ್ಕೆಲ್ಲ ಈ ಬೀಜ, ಬರೀ ಬೀಜ. ಕೆರೆಗೋಡು ಹೊರುವ ಕೆಲಸ ತಪ್ಪಿತು. ಜಗಳೂರಿನ ಚಾ ಅಂಗಡಿಯಲ್ಲಿ ಇದನ್ನು ಹೇಳಿದೆ. ಒಬ್ಬ ಹಿರಿಯ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದ.

"ಏನೂ ತಿನ್ನದೆ ಈಯಾದು ನಮ್ಮೂರಾಗೆ ಒಂದೇ ಐತೆ ಕಣಪ," ಎಂದ. "ಮಾತು."

ಎಲ್ಲರೂ ನಕ್ಕರು. ನಾನು ಚಾ ಮುಗಿಸಿ ಬಂದೆ. ನಗುವವರು ಸುಗ್ಗಿಯಲ್ಲಿ ನೋಡಲಿ ಎಂದುಕೊಂಡೆ.

ಬೇಸಿಗೆ ಬಂತು. ಚನ್ನಗಿರಿ ಕಡೆಯ ಅಡಿಕೆ ತೋಟದವರಿಗೆ ಗೊಬ್ಬರ ಸಾಲುವುದಿಲ್ಲ, ನಮ್ಮ ಕಡೆಯ ಒಣ ಊರುಗಳಿಗೆ ಲಾರಿ ಕಳಿಸಿ ತಿಪ್ಪೆ ಕೊಳ್ಳುತ್ತಾರೆ. ಅವರ ಮೇಸ್ತ್ರಿ ಬಂದು ಕೇಳಿದ. ಕೊಡುತ್ತೇನೆ ಎಂದೆ, ಪೂರ್ತಿ ತಿಪ್ಪೆ. ಆ ದುಡ್ಡಿಗೆ ಒಂದು ಸೈಕಲ್ ಬರುತ್ತಿತ್ತು. ನನಗೆ ಸೈಕಲ್ ಬೇಕಾಗಿತ್ತು.

ಅವ್ವನಿಗೆ ಊಟಕ್ಕೆ ಕೂತಾಗ ಹೇಳಿದೆ.

"ಎಲ್ಲಾನೂ?" ಎಂದಳು.

"ಎಲ್ಲಾನೂ. ಇಟ್ಕಂಡು ಏನ್ಮಾಡಾದು? ನೀನೇ ನೋಡಿದ್ಯಲ್ಲ, ಖಾಲಿ ಪಟ್ಟೀನೇ ಹೆಚ್ಚಿಗೆ ಕೊಡ್ತು."

"ತಿಪ್ಪಿ ಮನಿ ಬಿಟ್ಟು ಹೋಗ್ಬಾರ್ದಪ. ದೀವಳಿಗೀಗೆ ಅದಕ್ಕೇ ಪೂಜಿ ಮಾಡ್ತೀವಿ."

"ಪೂಜಿ ಮಾಡಾಕೆ ಒಂದು ಬುಟ್ಟಿ ಇಟ್ಕ. ಉಳಿದದ್ದು ಹೋಗ್ಲಿ."

"ಸಾಹೇಬ್ರು ಇನ್ನೊಂದು ವರ್ಸ ನೋಡಾಣ ಅಂದ್ರಲ್ಲ."

"ಅವ್ರಿಗೆ ಸಂಬಳ ಬರ್ತೈತೆ, ಎಷ್ಟು ವರ್ಸನಾದ್ರೂ ನೋಡ್ತಾರೆ."

ಅವ್ವ ಮುದ್ದೆ ಅರ್ಧಕ್ಕೇ ಬಿಟ್ಟು ಕೈ ತೊಳೆದಳು. ತಿಪ್ಪೆಯ ಮೇಲೆ ಅವಳಿಗೆ ಪ್ರೀತಿ, ಅದಕ್ಕೇ ಬೇಜಾರು ಎಂದು ನಾನು ತಿಳಿದೆ. ಆಮೇಲಿನ ದಿನಗಳಲ್ಲಿ ಅವಳು ಎರಡು ಮೂರು ಸಲ ನನ್ನ ಹತ್ತಿರ ಬಂದು ನಿಂತಳು. ಏನು ಎಂದರೆ ಏನಿಲ್ಲ ಎಂದು ಹೋದಳು.

ಲಾರಿ ಬಂದದ್ದು ಬೆಳಿಗ್ಗೆ. ಮೇಸ್ತ್ರಿ, ಡ್ರೈವರು, ಬುಟ್ಟಿ ಗುದ್ದಲಿ ಹಿಡಿದ ಆಳುಗಳು. ಅವ್ವ ಹೊರಗೆ ಬಂದಳು. ತಿಪ್ಪೆ ಬಗೆಯುವುದಕ್ಕೆ ಮುಂಚೆ ಎಲ್ಲರೂ ಜಗಲಿಗೆ ಬನ್ನಿ ಎಂದಳು. ದೂರದಿಂದ ಬಂದವರು, ಬರಿ ಹೊಟ್ಟೆಯಲ್ಲಿ ಗುದ್ದಲಿ ಹಿಡಿಯಬಾರದು ಎಂದು ಅಂಬಲಿ, ಮಜ್ಜಿಗೆ, ಉಪ್ಪಿನಕಾಯಿ ಕೊಟ್ಟಳು. ಅವರು ಸುರಿದು ಸುರಿದು ಕುಡಿದರು. ಮೇಸ್ತ್ರಿ ಬಾಯಿ ಒರೆಸಿಕೊಂಡು, "ಅವ್ವಾರೆ, ತಿಪ್ಪಿಗಿಂತ ನಿಮ್ಮ ಅಂಬ್ಲೀನೇ ಲಾರಿಗೆ ತುಂಬ್ಕಂಡು ಹೋಗ್ಬೇಕು," ಎಂದ.

"ಅದನ್ನ ಬೇಕಾದ್ರೆ ತುಂಬ್ಕಳ್ರಿ," ಎಂದಳು ಅವ್ವ. "ತಿಪ್ಪಿ ಮಾತ್ರ ಕೊಡಾಕಿಲ್ಲ."

ನನಗೆ ಸಿಟ್ಟು ಬಂತು. "ಏನವ್ವ ಇದು? ಮಾತಾಡಿ ಆಗೈತೆ."

ಅವಳು ನನ್ನ ಕಡೆ ತಿರುಗಿದಳು. ಪರರ ಮುಂದೆ ಹೇಳುತ್ತಿದ್ದೇನೆ ಎಂಬ ಸಂಕೋಚ ಅವಳ ಮುಖದಲ್ಲಿತ್ತು. ದನಿ ಮಾತ್ರ ಏರಲಿಲ್ಲ.

"ಆ ಖಾಲಿ ಪಟ್ಟಿ ಖಾಲಿ ಇರ್ಲಿಲ್ಲ ಕಣೋ. ನೀನು ಅಕ್ಕನ ಮನಿಗೆ ಹೋದಾಗ ನಾನು ಅದ್ರಾಗೆ ಕುರಿಮಂದೆ ನಿಲ್ಸಿದ್ದೆ. ನೀನು ಬರಾಕೆ ಎರಡು ದಿನ ಐತೆ ಅನ್ನಾ ತನ್ಕ."

ನಾನು ಮೇಸ್ತ್ರಿಯ ಕಡೆ ನೋಡಿದೆ.

"ಇಕ್ಕಿದ್ದನ್ನ ಹೇಳ್ಬಾರ್ದು ಅಂತ ಸುಮ್ಕಿದ್ದೆ. ಈಗ ಹೇಳ್ದಿದ್ರೆ ನೀನು ಹೊಲಕ್ಕೆಲ್ಲ ಬರೀ ಬೀಜ ಚೆಲ್ತೀಯ. ಮುಂದ್ಲೊರ್ಸ ನಿಂಗೆ ಇಕ್ಕಾಕೇ ನನ್ತಾವ ಏನೂ ಇರಾಕಿಲ್ಲ."

ನಾನು ನಂಬಲಿಲ್ಲ. ತಿಪ್ಪೆ ಉಳಿಸಿಕೊಳ್ಳಲು ಕಟ್ಟಿದ ಮಾತು ಎಂದುಕೊಂಡೆ. ನೇರ ಮಾವನ ಮನೆಗೆ ಹೋದೆ. ಅವನು ಒಂದು ಎತ್ತನ್ನು ಮಲಗಿಸಿ ಕಾಲು ಕಟ್ಟಿ ಲಾಳ ಹೊಡೆಯುತ್ತಿದ್ದ.

"ನಾಲ್ಕನೇ ಪಟ್ಟ್ಯಾಗೆ ಮಂದೆ ನಿಲ್ಸಿದ್ಲಾ ಅವ್ವ?"

ಅವನು ಬಾಯಲ್ಲಿದ್ದ ಮೊಳೆ ತೆಗೆದ. "ನಿಲ್ಸಿದ್ಲು. ಮ್ಯಾಲೆ ಕುಂಟಿ ಹೊಡ್ದಾವ ನಾನೇ."

"ಮತ್ತೆ ಹೇಳಾಕೆ ಏನಾಗಿತ್ತು ನಿಂಗೆ?"

"ಅಕ್ಕ ಹೇಳ್ಬ್ಯಾಡ ಅಂದ್ಲು." ಇನ್ನೊಂದು ಮೊಳೆ ಹೊಡೆದ. "ನೀನಾದ್ರೂ ಕೇಳಿದ್ಯಾ? ನೀನು ಈ ಮನಿಗೆ ಹೇಳಾಕೆ ಬರ್ತೀಯ ಅಳಿಯ. ಕೇಳಾಕೆ ಬಂದಿದ್ದು ಇವತ್ತೇ."

ಎತ್ತು ಮಿಸುಕಿತು. ಹಿಡಿದುಕೋ ಎಂದ. ಅದರ ಕೊಂಬು ಹಿಡಿದುಕೊಂಡು ಕೂತೆ. ಲಾಳ ಹೊಡೆದು ಮುಗಿಯುವವರೆಗೆ ಕೂತೆ. ನನ್ನ ಲೆಕ್ಕವನ್ನೆಲ್ಲ ಮತ್ತೆ ಮೊದಲಿಂದ ಹಾಕಿದೆ. ಸಾಹೇಬರು ಎರಡು ಸಲ ಮಣ್ಣು ಮೂಸಿದ್ದು, ಪಟ್ಟಿ ಕಪ್ಪಾಗಿದ್ದು, ಅದೂ ಕಲ್ಲಿನ ಗೆರೆಗೆ ಸರಿಯಾಗಿ ಕಪ್ಪಾಗಿದ್ದು. ಬೀಜದ ಗುಣವಾಗಿದ್ದರೆ ನಾಲ್ಕೂ ಪಟ್ಟಿಯಲ್ಲಿ ಕಾಣಬೇಕಿತ್ತು. ಬೀಜ ಒಂದೇ ತಾನೆ. ಇಷ್ಟು ಸಣ್ಣ ವಿಚಾರ ನನಗೆ ಹೊಳೆದಿರಲಿಲ್ಲ.

ಹಿಂದಕ್ಕೆ ಬಂದು ಮೇಸ್ತ್ರಿಗೆ ಕೊಡುವುದಿಲ್ಲ ಎಂದೆ. ಅವನು ಮುಂಗಡ ಕೊಟ್ಟಿರಲಿಲ್ಲ, ಹಾಗಾಗಿ ಜಗಳ ದೊಡ್ಡದಾಗಲಿಲ್ಲ.

"ಖಾಲಿ ಲಾರಿ ತಗಂಡು ಹೋದ್ರೆ ನಮ್ಮ ಗೌಡ್ರು ನಮ್ಮನ್ನೇ ಅಡಿಕಿ ಮರದ ಬುಡಕ್ಕೆ ಹಾಕ್ತಾರೆ," ಎಂದ. ಆಮೇಲೆ ಅವ್ವನ ಕಡೆ ನೋಡಿ, "ಅಂಬ್ಲಿ ಕುಡ್ಸಿ ಕೈ ಕಟ್ಟಿದ್ರಿ. ಬೈಯಾಕೂ ಬಾಯಿ ಬರವಲ್ದು," ಎಂದ. ಲಾರಿ ಮುಂದಿನ ಊರಿಗೆ ಹೋಯಿತು.

ಆವತ್ತು ಸಂಜೆ ಅವ್ವನೇ ಕೇಳಿದಳು, "ಸಾಹೇಬ್ರಿಗೆ ಹೇಳ್ತೀಯಾ?"

"ಹೇಳ್ದಿದ್ರೆ ಅವ್ರು ಇದನ್ನೇ ಊರೂರಿಗೆ ಹೇಳ್ತಾರೆ. ಏನೂ ಹಾಕ್ಬ್ಯಾಡ್ರಿ, ಬೆಳೀತೈತೆ ಅಂತ."

"ಬೈತಾರೇನೋ."

"ಬೈಲಿ."

ಮಾರನೆಯ ದಿನ ಕತ್ತಲಗೆರೆಗೆ ಹೊರಟೆ. ಸಾಹೇಬರು ತಮ್ಮ ಪಟ್ಟಿಗಳ ನಡುವೆ ನಿಂತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಪ್ರಯೋಗವನ್ನು ಬೇರೆಯವರ ಹೊಲಕ್ಕೆ ಕೊಡುತ್ತಾರೆ, ಬೀಜ ವಾಪಸ್ಸು ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಬದುವಿನ ಮೇಲೆ ಕೂತು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಎಷ್ಟು ಕುರಿ ಇದ್ವು?"

"ಗೊತ್ತಿಲ್ರಿ. ಒಂದು ಹಿಂಡು."

"ಸಣ್ಣದಾ, ದೊಡ್ಡದಾ?"

"ನಾನು ಇರ್ಲಿಲ್ರಿ."

"ಹೌದಲ್ಲ." ಟೋಪಿಯನ್ನು ಮತ್ತೆ ತಲೆಗೆ ಇಟ್ಟುಕೊಂಡರು. "ಆ ಅಂಕಿ ಹಿಡಿದುಕೊಂಡು ಚಳಿಗಾಲ ಪೂರ್ತಿ ತಲೆ ಕೆಡಿಸಿಕೊಂಡಿದ್ದೇನೆ. ಬಿಟ್ಟುಬಿಡ್ತೀನಿ. ನೀವು ಬಂದು ಹೇಳಿದ್ದು ಒಳ್ಳೇದಾಯ್ತು." ಆಮೇಲೆ ಕೇಳಿದರು, "ನಾಲ್ಕನೇ ಪಟ್ಟಿ ಯಾಕೆ ಖಾಲಿ ಬಿಡಬೇಕು ಅಂತ ಅವ್ವನಿಗೆ ಹೇಳಿದ್ರಾ?"

"ಇಲ್ರಿ."

"ನಾನೂ ಹೇಳಲಿಲ್ಲ. ಹೊಲದಲ್ಲಿ ಕೆಲಸ ಮಾಡೋರು ಅವರು. ನಾನು ನಿಮ್ಮ ಜೊತೆ ಮಾತಾಡಿ ಹೋದೆ."

ಬಿತ್ತನೆಗೆ ಮುಂಚೆ ಅವರು ನಮ್ಮ ಮನೆಗೇ ಬಂದರು. ಜಗಲಿಯ ಮೇಲೆ ಕೂತು ಅವ್ವನ ಜೊತೆ ಮಾತಾಡಿದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಒಬ್ಬ ಆಳು ಉಂಡು ಕೆಲಸ ಮಾಡುತ್ತಾನೆ, ಅವನ ಕೆಲಸದಲ್ಲಿ ಊಟದ್ದೆಷ್ಟು, ಅವನ ಮೈಯಲ್ಲಿ ಮೊದಲೇ ಇದ್ದ ಶಕ್ತಿ ಎಷ್ಟು ಎಂದು ಹೇಗೆ ತಿಳಿಯುವುದು ಎಂದು ಅವರು ಕೇಳಿದರು.

"ಅದಕ್ಕೆ ಒಬ್ಬನ್ನ ಉಪಾಸ ಕೆಡವಿ ಕೆಲ್ಸ ಮಾಡ್ಸಿ ನೋಡ್ತೀರಾ?" ಎಂದಳು ಅವ್ವ. "ಒಳ್ಳೇ ಸಾವ್ಕಾರ್ರು ನೀವು."

ಸಾಹೇಬರು ನಕ್ಕರು. "ಮನುಷ್ಯನಿಗೆ ಮಾಡಬಾರದು ಅವ್ವ. ಆದ್ರೆ ನಿಮ್ಮ ಮಣ್ಣಿನಲ್ಲಿ ಎಷ್ಟು ಉಳಿದಿದೆ ಅಂತ ಬೇರೆ ದಾರೀಲಿ ನೋಡೋಕೆ ನನಗೆ ಗೊತ್ತಿಲ್ಲ. ಎಷ್ಟು ಹಾಕಿದ್ರೆ ಸಾಕು, ಯಾವುದು ದಂಡ ಅಂತ ತಿಳಿದ್ರೆ ನಿಮ್ಮಂಥವರು ದುಡ್ಡು ಸುರಿಯೋದು ತಪ್ಪುತ್ತೆ. ಹೊಲಾನೂ ಉಳಿಯುತ್ತೆ."

"ಉಪಾಸ ಅಂದ್ರೆ ಏನಾದ್ರೂ ಹರಕಿ ಇರ್ಬೇಕು. ಸೋಮಾರ ನಾನೂ ಒಪ್ಪೊತ್ತು ಇರ್ತೀನಿ. ಸುಮ್ಸುಮ್ಕೆ ಇಕ್ಕದಂಗೆ ಇದ್ರೆ ಅದು ಕೊಲ್ಲಾದು. ಇದು ಇಂಥದಕ್ಕೆ ಅಂತ ಮೊದ್ಲೇ ಹೇಳಿದ್ರೆ ನಾನು ಯಾಕೆ ಮಂದೆ ಕರೀತಿದ್ದೆ?" ಎಂದಳು ಅವ್ವ. ಈ ಮಾತಿಗೆ ನನ್ನ ಕಡೆ ನೋಡಿದಳು.

ಆಮೇಲೆ ಚೌಕಾಸಿ ಶುರುವಾಯಿತು. ಉಪವಾಸದ ಪಟ್ಟಿ ಅಷ್ಟು ಅಗಲ ಬೇಡ, ಅರ್ಧ ಮಾಡಿ ಎಂದಳು. ಸಾಹೇಬರು ಮುಕ್ಕಾಲಿಗೆ ಇಳಿದರು. ಹಳೆಯ ನಾಲ್ಕನೇ ಪಟ್ಟಿಯಲ್ಲಿ ಕುರಿಯ ಗೊಬ್ಬರ ಇನ್ನೂ ಉಳಿದಿರುತ್ತದೆ, ಅದು ಆಗುವುದಿಲ್ಲ, ಹೊಸ ಜಾಗ ಬೇಕು ಎಂದರು. ಅವ್ವನೇ ಎದ್ದು ಹೋಗಿ ಮೇಲಿನ ಬದುವಿನ ಕೆಳಗೆ ಜಾಗ ತೋರಿಸಿದಳು. ಕುರಿಮಂದೆಗೆ ಒಂದು ಪಟ್ಟಿ ಬೇರೆಯೇ ಮಾಡೋಣ ಎಂದು ಸಾಹೇಬರೇ ಹೇಳಿದರು. ಈ ಸಲ ಕುರಿ ಎಣಿಸುವ ಕೆಲಸ ಮಾವನಿಗೆ ಬಿತ್ತು.

"ಈಗ ನಂಗೂ ಸಂಬಳ ಕೊಡ್ತಾರಾ ಕೇಳಲೇ ಅಳಿಯ," ಎಂದ ಮಾವ. "ಕುರಿ ಎಣ್ಸಾ ಸಾಹೇಬ ಅಂತ."

ಉಳಿದ ಹೊಲಕ್ಕೆಲ್ಲ ತಿಪ್ಪೆ ಹೊಡೆದೆವು. ಕೆರೆಗೋಡನ್ನೂ ಹೊಡೆದೆವು. ಬಂಡಿ ತುಂಬಿದ್ದು ನಾನೇ. ಈ ಸಲ ಗೊಣಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗೊಣಗಿದೆ. ಆದರೆ ಹೊಡೆದೆ.

ಆ ವರ್ಷ ಮಳೆ ನಡುವೆ ಕೈಕೊಟ್ಟು ಆಮೇಲೆ ಬಂತು. ಉಪವಾಸದ ಪಟ್ಟಿಯ ರಾಗಿ ಮೊಣಕಾಲಿನ ಮಟ್ಟಕ್ಕೆ ನಿಂತುಬಿಟ್ಟಿತು. ಎಲೆ ಹಳದಿ, ತೆನೆ ಹೆಬ್ಬೆರಳಿನಷ್ಟು. ಕುರಿಯ ಪಟ್ಟಿ, ಅರ್ಧ ಅರ್ಧದ ಪಟ್ಟಿ ಎರಡೂ ಸೊಂಟ ಮುಟ್ಟಿದ್ದವು. ತಿಪ್ಪೆಯದ್ದು ಅವಕ್ಕಿಂತ ಒಂದು ಗೇಣು ಕಡಿಮೆ. ಚೀಲದ ಗೊಬ್ಬರದ್ದು ಮಳೆ ಹೋದಾಗ ಬಾಡಿತು, ಬಂದಾಗ ಎದ್ದಿತು. ಅವ್ವ ದಿನಾ ಹೊಲಕ್ಕೆ ಬರುತ್ತಿದ್ದಳು, ಮೇಲಿನ ಬದುವಿನ ಕಡೆ ಮಾತ್ರ ಹೋಗುತ್ತಿರಲಿಲ್ಲ. ಅಲ್ಲಿಗೆ ಕಳೆ ತೆಗೆಯಲು ನಾನೇ ಹೋಗಬೇಕಾಯಿತು.

ಕೊಯ್ಲಿಗೆ ಸಾಹೇಬರು ಬಂದರು. ಉಪವಾಸದ ಪಟ್ಟಿಯನ್ನು ಅವ್ವ ತಾನೇ ಕೊಯ್ದಳು, ಆಳುಗಳನ್ನು ಬಿಡಲಿಲ್ಲ. ಬಡಿದು ತೂರಿದ ಮೇಲೆ ಆ ರಾಗಿ ಒಂದು ಸಣ್ಣ ಚೀಲದ ತಳದಲ್ಲಿ ಕೂತಿತ್ತು. ಸಾಹೇಬರು ಒಂದೇ ಸಲ ತೂಗಿದರು.

"ಸರಿಯಾಗಿದೆ," ಎಂದರು.

"ಏನು ಸರಿ?" ಎಂದಳು ಅವ್ವ.

"ಲೆಕ್ಕ ಅವ್ವ. ಬೆಳೆ ಅಲ್ಲ."

ನಾನು ಆ ಚೀಲ ಎತ್ತಿ ನೋಡಿದೆ. ಒಂದೇ ಕೈಯಲ್ಲಿ ಬಂತು. ಹೊಲವನ್ನೆಲ್ಲ ಅದೇ ಲೆಕ್ಕದಲ್ಲಿ ಗುಣಿಸಿದೆ, ನನಗೆ ಬರುವಷ್ಟು ಗುಣಾಕಾರದಲ್ಲಿ. ತಿಪ್ಪೆ ಲಾರಿಯಲ್ಲಿ ಹೋಗಿದ್ದರೆ, ಹೊಲಕ್ಕೆಲ್ಲ ಬರೀ ಬೀಜ ಚೆಲ್ಲಿದ್ದರೆ, ಸಂಕ್ರಾಂತಿ ದಾಟುವ ಹೊತ್ತಿಗೆ ಮನೆಯಲ್ಲಿ ರಾಗಿ ಮುಗಿದಿರುತ್ತಿತ್ತು. ಹೊಸ ಸೈಕಲ್ ಮೇಲೆ ಕೂತು ಜಗಳೂರಿಗೆ ಹೋಗಿ ಕಾಳು ಕೊಂಡು ತರಬೇಕಿತ್ತು.

ಉಳಿದ ಹೊಲದ ರಾಗಿಯನ್ನು ಹಗೇವಿಗೆ ಸುರಿದೆವು. ಅಂಗಳದಲ್ಲಿ ನೆಲ ಅಗೆದು ಮಾಡಿದ ಕಾಳಿನ ಗುಂಡಿ ಅದು, ಅಪ್ಪನ ಕಾಲದ್ದು. ಚೀಲ ಸುರಿಯುತ್ತ ಹೋದ ಹಾಗೆ ರಾಗಿ ಮೇಲಕ್ಕೆ ಬಂದು ಬಾಯಿಯ ಹತ್ತಿರ ನಿಂತಿತು. ಅವ್ವ ಬಗ್ಗಿ ಕೈ ಇಟ್ಟು ನೋಡಿದಳು, ಸಾಕು ಎಂದಳು. ನಾನು ಚಪ್ಪಡಿ ಎಳೆದು ಮುಚ್ಚಿದೆ, ಅವಳು ಸಂದಿಗೆ ಮಣ್ಣು ಮೆತ್ತಿದಳು.

"ಮುಂದ್ಲೊರ್ಸ ಒಂದೆರಡು ಚೀಲ ಗೊಬ್ಬರ ತಂದ್ರೆ ಅರ್ಧ ಅರ್ಧ ಹಾಕ್ಬೋದು," ಎಂದೆ. "ಆ ಪಟ್ಟಿ ಚೆನ್ನಾಗಿ ಬಂದೈತೆ."

"ಅರ್ಧ ಅರ್ಧ ಅಂದ್ರೆ ಅರ್ಧಾನೇ," ಎಂದಳು ಅವ್ವ, ಮಣ್ಣಿನ ಕೈಯಲ್ಲೇ. "ತಿಪ್ಪಿ ಅರ್ಧ ನೀನೇ ಹೊರಾದು."

ಹೂಂ ಎಂದೆ.